ಸ್ನೇಹಿತನ ತಂದೆಯ ಮನೆಗೆ ನಾನು ಹಣ ಹಾಕಬಹುದೇ?

ಪ್ರಶ್ನೆ: ಮೈಸೂರಿನಲ್ಲಿ ನನ್ನ ಸ್ನೇಹಿತನ ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಎರಡು ಅಂತಸ್ತಿನ ಮನೆಯಿದೆ. ಅವರು ಉಯಿಲು ಬರೆಯದೆ ತೀರಿಕೊಂಡರು. ತಾಯಿ ಅಲ್ಲೇ ವಾಸವಾಗಿದ್ದಾರೆ. ‘ಅಣ್ಣ ಮತ್ತು ತಂಗಿಗೆ ಸೇರಬೇಕಾದ ಎರಡು ಪಾಲನ್ನು ಕೊಳ್ಳಲು ನೀನು ಹಣ ಕೊಡು, ಅರ್ಧ ಮನೆ ನಿನ್ನದಾಗಲಿ’ ಎನ್ನುತ್ತಾನೆ ಸ್ನೇಹಿತ. ಛಾಪಾ ಕಾಗದದ ಮೇಲೆ ಒಪ್ಪಂದ ಬರೆದುಕೊಂಡರೆ ಸಾಕೇ?

ಉತ್ತರ: ಸಾಲದು. ನೋಟರಿಯ ಮುದ್ರೆಯಿರುವ ಒಪ್ಪಂದವು ನೀವು ಹಣ ಕೊಟ್ಟದ್ದಕ್ಕೆ ಸಾಕ್ಷಿಯಾದೀತೇ ಹೊರತು ನಿಮ್ಮನ್ನು ಮಾಲೀಕರನ್ನಾಗಿ ಮಾಡುವುದಿಲ್ಲ. ಹಣ ನಿಮ್ಮದಾಗಿ ಪತ್ರ ಸ್ನೇಹಿತನ ಹೆಸರಿನಲ್ಲಿ ಆದರೆ, 1988ರ ಬೇನಾಮಿ ವ್ಯವಹಾರ ತಡೆ ಕಾಯ್ದೆಯ ತೊಡಕೂ ಎದುರಾಗಬಹುದು.

ನಿಮ್ಮ ಸ್ನೇಹಿತನ ಲೆಕ್ಕದಲ್ಲಿ ತಾಯಿಯೇ ಬಿಟ್ಟುಹೋಗಿದ್ದಾರೆ. ಕುಟುಂಬಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವುದಾದರೆ, ಸ್ವಯಾರ್ಜಿತ ಆಸ್ತಿಯಲ್ಲಿ ಪತ್ನಿಗೂ ಮಕ್ಕಳಿಗೂ ಸಮಪಾಲು ಬರುತ್ತದೆ. ಆದ್ದರಿಂದ ಮನೆಯಲ್ಲಿರುವುದು ಮೂರಲ್ಲ, ನಾಲ್ಕು ಪಾಲು, ಸ್ನೇಹಿತನದು ಕಾಲು ಭಾಗ ಮಾತ್ರ. ತೀರಿಕೊಂಡವರ ತಾಯಿ ಆಗ ಬದುಕಿದ್ದರೆ ಅವರಿಗೂ ಒಂದು ಪಾಲು ಸೇರುತ್ತದೆ. ವಂಶವೃಕ್ಷವನ್ನು ಮೊದಲು ನೋಡಿ ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ಇನ್ನೊಂದು ವಿಷಯವನ್ನು ಕೊಳ್ಳುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ವಿಭಾಗವಾಗದ ಕುಟುಂಬದ ವಾಸದ ಮನೆಯಲ್ಲಿ ಹೊರಗಿನವರು ಒಂದು ಪಾಲನ್ನು ಕೊಂಡರೂ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಪ್ರಕರಣದಂತೆ ಅವರಿಗೆ ಮನೆಯವರೊಂದಿಗೆ ಜಂಟಿ ಸ್ವಾಧೀನದ ಹಕ್ಕು ಸಿಗುವುದಿಲ್ಲ. ಕೊಂಡವರು ವಿಭಾಗಕ್ಕಾಗಿ ದಾವೆ ಹೂಡಿದರೆ, ನ್ಯಾಯಾಲಯ ನಿಗದಿಪಡಿಸಿದ ಬೆಲೆಗೆ ಆ ಪಾಲನ್ನು ಕುಟುಂಬದವರೇ ಕೊಂಡುಕೊಳ್ಳಲು 1893ರ ವಿಭಾಗ ಕಾಯ್ದೆ ಅವಕಾಶ ಕೊಡುತ್ತದೆ. ಕುಟುಂಬದ ನೆಲೆಯನ್ನು ಕಾಪಾಡುವ ಈ ನಿಯಮ ನ್ಯಾಯವಾದದ್ದೇ, ಆದರೆ ಅದರ ಭಾರ ಬೀಳುವುದು ನಿಮ್ಮ ಮೇಲೆ.

ಆದ್ದರಿಂದ ಗುರುತಿಲ್ಲದ ‘ಅರ್ಧ’ವನ್ನು ಕೊಳ್ಳಬೇಡಿ. ಮೊದಲು ನಾಲ್ವರ ಹೆಸರಿಗೂ ಮನೆಯ ಖಾತೆ (ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ) ಆಗಲಿ. ಬಳಿಕ ಮೇಲಂತಸ್ತನ್ನು, ಅದಕ್ಕೆ ಸೇರುವ ನಿವೇಶನದ ಪಾಲು, ಮೆಟ್ಟಿಲು ಮತ್ತು ನೀರಿನ ತೊಟ್ಟಿಯ ಬಳಕೆಯ ಹಕ್ಕಿನೊಂದಿಗೆ, ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಸ್ಪಷ್ಟವಾಗಿ ನಮೂದಿಸಿ ನಾಲ್ವರೂ ಸೇರಿ ನಿಮಗೆ ನೋಂದಾಯಿತ ಕ್ರಯಪತ್ರ ಮಾಡಿಕೊಡಲಿ. ಕೆಳ ಅಂತಸ್ತಿಗೆ ಸಂಬಂಧಿಸಿದಂತೆ ಉಳಿದ ಮೂವರು ತಮ್ಮ ಪಾಲನ್ನು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರವನ್ನು ಸ್ನೇಹಿತನಿಗೆ ಬರೆದುಕೊಡಬಹುದು. ಆದರೆ ನಿಮ್ಮ ಹೆಸರಿಗೆ ಖುಲಾಸೆ ಪತ್ರ ನಡೆಯದು, ಅದು ಸಹಮಾಲೀಕರ ನಡುವಿನ ಪತ್ರ. ಹಣವನ್ನು ಪ್ರತಿಯೊಬ್ಬ ಮಾರಾಟಗಾರರ ಬ್ಯಾಂಕ್ ಖಾತೆಗೆ ನೇರವಾಗಿ ಕೊಡಿ. ಸ್ನೇಹಿತನ ಕೈಗೆ ಒಟ್ಟಾಗಿ ಕೊಡಬೇಡಿ.

ತಾಯಿ ಪಾಲು ಬಿಟ್ಟುಕೊಡಲು ಒಪ್ಪಿದರೂ, ಬದುಕಿರುವವರೆಗೆ ಕೆಳಮನೆಯಲ್ಲಿ ವಾಸಿಸುವ ಹಕ್ಕನ್ನು ಖುಲಾಸೆ ಪತ್ರದಲ್ಲೇ ಬರೆಸುವಂತೆ ನೀವೇ ಒತ್ತಾಯಿಸಬೇಕೆಂಬುದು ನನ್ನ ವಿನಂತಿ. ಒಬ್ಬ ವಾರಸುದಾರರು ಸಹಿಗೆ ಒಪ್ಪದಿದ್ದರೂ ಖರೀದಿಯನ್ನು ಕೈಬಿಡಿ. ಸ್ನೇಹಿತನಿಗೆ ನೆರವಾಗಲೇಬೇಕೆಂದಿದ್ದರೆ, ಅವನ ಪಾಲಿನ ಮೇಲೆ ನೋಂದಾಯಿತ ಅಡಮಾನ ಪತ್ರ ಮಾಡಿಸಿಕೊಂಡು ಸಾಲವಾಗಿ ಕೊಡಿ.