ಹೆರಿಗೇಲಿ ರಕ್ತ ಹೋದ್ಮೇಲೆ ಹಾಲೂ ಇಲ್ಲ, ಮುಟ್ಟೂ ಇಲ್ಲ

ಪ್ರಶ್ನೆ: ಡಾಕ್ಟ್ರೇ, ನನ್ನ ಹೆಂಡ್ತಿಗೆ 27 ವರ್ಷ. ಎಂಟು ತಿಂಗಳ ಹಿಂದೆ ನಾರ್ಮಲ್ ಡೆಲಿವರಿ ಆಯ್ತು, ಮಾಸು ಬಿದ್ಮೇಲೆ ಗರ್ಭಕೋಶ ಗಟ್ಟಿಯಾಗದೆ ಸಿಕ್ಕಾಪಟ್ಟೆ ಬ್ಲೀಡಿಂಗ್ ಆಗಿ ಬಿಪಿ ಬಿದ್ದೋಯ್ತು, ಒಳಗೆ ಬಲೂನ್ ಇಟ್ಟು ನಾಲ್ಕು ಬಾಟ್ಲಿ ರಕ್ತ ಕೊಟ್ಟು ಉಳಿಸಿದ್ರು. ಎದೆಹಾಲು ಬರ್ಲೇ ಇಲ್ಲ, ಮಗು ಪೌಡರ್ ಹಾಲಲ್ಲೇ ಇದೆ. ಮುಟ್ಟೂ ಆಗಿಲ್ಲ, ಯಾವಾಗ್ಲೂ ಸುಸ್ತು, ಚಳಿ. ಬಾಣಂತನ ಸರಿ ಆಗಿಲ್ಲ ಅದಕ್ಕೇ ಅಂತಾರೆ ಅಮ್ಮ. ಇನ್ನೊಂದು ಮಗು ಮಾಡ್ಕೋಬಹುದಾ?
– ಹೆಸರು ಬೇಡ, ಗದಗ

ಉತ್ತರ: ಇನ್ನೊಂದು ಮಗು ಆಮೇಲೆ, ಮೊದ್ಲು ಈ ವಾರಾನೇ ಹೆಂಡ್ತೀನ ಫಿಸಿಶಿಯನ್ ಹತ್ರ ಇಲ್ಲ ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಬಾಣಂತನದ ಮೇಲೆ ಹಾಕ್ಬೇಡಿ. ಹಾಲು ಕುಡಿಸೋರಿಗೆ ಮುಟ್ಟು ತಡ ಆಗೋದು ಮಾಮೂಲಿ, ಆದ್ರೆ ಇವ್ರು ಕುಡಿಸ್ತಾನೇ ಇಲ್ವಲ್ಲ, ಮತ್ಯಾಕೆ ನಿಂತಿದೆ? ಮನೇಲೇ ಒಂದ್ಸಲ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ, ನೆಗೆಟಿವ್ ಬಂದ್ರೆ ನನಗೆ ಅನುಮಾನ ಇರೋದು ಶೀಹನ್ ಸಿಂಡ್ರೋಮ್ ಮೇಲೆ. ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಬಸುರಲ್ಲಿ ದೊಡ್ಡದಾಗಿರುತ್ತೆ, ಹೆರಿಗೇಲಿ ರಕ್ತ ಹೋಗಿ ಬಿಪಿ ಬಿದ್ರೆ ಅದಕ್ಕೆ ರಕ್ತ ಸಾಲದೆ ಒಂದಷ್ಟು ಭಾಗ ಸತ್ತೋಗುತ್ತೆ, ಆಮೇಲೆ ಹಾಲಿನ ಹಾರ್ಮೋನು, ಮುಟ್ಟಿನದು, ಥೈರಾಯ್ಡು, ಒತ್ತಡ ತಡ್ಕೊಳ್ಳೋಕೆ ಬೇಕಾದ ಕಾರ್ಟಿಸಾಲ್ ಒಂದೊಂದೇ ಕೈಕೊಡುತ್ತೆ.

ಬೆಳಗ್ಗೆ 8ರ ಸುಮಾರಿಗೆ ಕಾರ್ಟಿಸಾಲ್, ಜೊತೆಗೆ ಪ್ರೊಲ್ಯಾಕ್ಟಿನ್ (ಹಾಲಿನ ಹಾರ್ಮೋನು), ಫ್ರೀ ಟಿ4 (ಥೈರಾಯ್ಡ್ ಹಾರ್ಮೋನು), ಟಿಎಸ್ಎಚ್ (ಥೈರಾಯ್ಡ್ ಕೆಲಸ ಮಾಡೋಕೆ ಪಿಟ್ಯುಟರಿ ಕಳಿಸೋ ಹಾರ್ಮೋನು) ರಕ್ತ ಪರೀಕ್ಷೆ ಮಾಡಿಸಿ. ಬರೀ ಟಿಎಸ್ಎಚ್ ನೋಡಿ ಥೈರಾಯ್ಡ್ ನಾರ್ಮಲ್ ಅಂದ್ಬಿಟ್ರೆ ಒಪ್ಕೋಬೇಡಿ, ಈ ಕಾಯಿಲೇಲಿ ಅದು ನಾರ್ಮಲ್ ತೋರಿಸ್ಬಹುದು. ಕಾರ್ಟಿಸಾಲ್ ಕಡಿಮೆ ಇದ್ರೆ ಮೊದ್ಲು ಅದರ ಮಾತ್ರೆ, ಆಮೇಲೇ ಥೈರಾಯ್ಡ್ ಮಾತ್ರೆ, ಉಲ್ಟಾ ಮಾಡಿದ್ರೆ ಜೀವಕ್ಕೇ ಅಪಾಯ. ಅಷ್ಟರಲ್ಲಿ ವಾಂತಿ, ತಲೆಸುತ್ತು, ಮಂಕು ಜಾಸ್ತಿ ಆದ್ರೆ ಅಪಾಯಿಂಟ್ಮೆಂಟ್ ಗಿಪಾಯಿಂಟ್ಮೆಂಟ್ ಅಂತ ಕಾಯ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ, ಹೆರಿಗೇಲಿ ರಕ್ತ ಹೋದ ಕಥೆ ಮೊದ್ಲೇ ಹೇಳಿ. ಮಾತ್ರೆ ಸಾಮಾನ್ಯವಾಗಿ ಜೀವನಪೂರ್ತಿ ತಗೋಬೇಕಾಗುತ್ತೆ, ಆದ್ರೆ ಅದ್ರಲ್ಲೇ ಚೆನ್ನಾಗಿ ಇರ್ಬಹುದು.

ಇನ್ನು ಎರಡನೇ ಮಗು. ಬಲೂನ್ ಇಟ್ಟಿದ್ದು ಅಡ್ಡಿ ಅಲ್ಲ, ಗರ್ಭಕೋಶ ಉಳಿದಿದೆಯಲ್ಲ. ಹಾರ್ಮೋನ್ ಸರಿ ಮಾಡ್ಕೊಂಡು, ಬೇಕಿದ್ರೆ ಚಿಕಿತ್ಸೆ ತಗೊಂಡು ಬಸುರಾದವ್ರಿದ್ದಾರೆ. ಆದ್ರೆ ಹೆರಿಗೇಲಿ ಒಂದ್ಸಲ ಹೀಗೆ ಬ್ಲೀಡಿಂಗ್ ಆದವ್ರಿಗೆ ಮತ್ತೆ ಆಗೋ ಚಾನ್ಸ್ ಬೇರೆಯವ್ರಿಗಿಂತ ಜಾಸ್ತಿ, ಅದಕ್ಕೆ ಬಸುರಿಗೆ ಮುಂಚೆನೇ ಹಿಮೋಗ್ಲೋಬಿನ್ ಏರಿಸ್ಕೊಳ್ಳಿ, ರಕ್ತ ಮತ್ತೆ ಆಪರೇಷನ್ ಥಿಯೇಟರ್ ರೆಡಿ ಇರೋ ಆಸ್ಪತ್ರೇಲೇ ಹೆರಿಗೆ ಮಾಡಿಸಿ. ಮಗು ಹುಟ್ಟಿದ ತಕ್ಷಣ ಗರ್ಭಕೋಶ ಗಟ್ಟಿಯಾಗೋಕೆ 10 ಯೂನಿಟ್ ಆಕ್ಸಿಟೋಸಿನ್ ಕೊಡ್ತಾರೆ, ಮತ್ತೆ ಬ್ಲೀಡಿಂಗ್ ಶುರುವಾದ್ರೆ ರಕ್ತ ನಿಲ್ಲೋಕೆ ಸಹಾಯ ಮಾಡೋ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಹೆರಿಗೆಯಾಗಿ 3 ಗಂಟೆ ಒಳಗೆ ಬೀಳ್ಬೇಕು. ಬಟ್ಟೆ ನೋಡಿ ಅಂದಾಜು ಮಾಡಿದ್ರೆ ಹೋದ ರಕ್ತ ಕಡಿಮೆನೇ ಅನ್ಸುತ್ತೆ, ಅದಕ್ಕೇ ಈಗ ಸೊಂಟದ ಕೆಳಗೆ ಅಳತೆ ಗೆರೆ ಇರೋ ಪ್ಲಾಸ್ಟಿಕ್ ಚೀಲ ಹಾಸ್ತಾರೆ. ಅಂಥ ಚೀಲ ಮೊದಮೊದ್ಲು ಬಳಸಿದ ಜಾಗಗಳಲ್ಲಿ ನಮ್ಮ ಬೆಳಗಾವಿನೂ ಒಂದು, ಗರ್ಭಕೋಶ ಗಟ್ಟಿ ಮಾಡೋ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಈ ರಕ್ತಸ್ರಾವ ತಡೀಬಹುದಾ ಅಂತ ಅಲ್ಲಿನ ಹಳ್ಳಿಗಳಲ್ಲಿ ನಡೆದ ಅಧ್ಯಯನ 2006ರಲ್ಲಿ ಪ್ರಕಟ ಆಯ್ತು.

ಹಳೇ ಡಿಸ್ಚಾರ್ಜ್ ಸಮ್ಮರಿ ಒಂದು ಜೆರಾಕ್ಸ್ ಮಾಡಿಸಿ ಇಟ್ಕೊಳ್ಳಿ, ಎಲ್ಲಿ ಹೋದ್ರೂ ಮೊದ್ಲು ಅದನ್ನೇ ಕೇಳ್ತಾರೆ.