ಏಳು ವರ್ಷ, ಐದು ಕಂಪನಿ

ಏಳು ವರ್ಷದಲ್ಲಿ ಐದು ಕಂಪನಿ ಕಂಡು, ಕೆಲಸದ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದ ಯುವಕರೊಬ್ಬರ ಕಥೆ ಇದು. ಗುರುತು ಸಿಗದ ಹಾಗೆ ವಿವರ ಬದಲಾಯಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ವಯಸ್ಸು 30. ದಾವಣಗೆರೆ ಕಡೆಯವರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಆರನೇ ಕಂಪನಿಯ ಆಫರ್ ಲೆಟರ್ ಮೊಬೈಲಿನಲ್ಲಿಟ್ಟುಕೊಂಡೇ ಬಂದಿದ್ದರು. "ಮೇಡಂ, ಫೋನ್ ಮಾಡಿದಾಗಲೆಲ್ಲ ಅಪ್ಪ 'ಇದರಲ್ಲಾದ್ರೂ ನಿಲ್ತೀಯೇನಪ್ಪಾ' ಅಂತಾರೆ. ನನ್ನಲ್ಲೇ ಏನೋ ದೋಷ ಇದೆಯಾ?"

ಅಪ್ಪ ಹತ್ತಿ ಮಿಲ್ಲಿನಲ್ಲಿ ಇದ್ದವರು. ಮಿಲ್ಲು ಮುಚ್ಚಿದ ಮೇಲೆ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಮಕ್ಕಳನ್ನು ಓದಿಸಿದರು. ಅವರ ಭಯ ಸುಮ್ನೆ ಬಂದದ್ದಲ್ಲ. ಆದರೆ ಒಂದೇ ಕಡೆ ನಿಂತವರ ಕೆಲಸವೂ ಹೋಗುತ್ತದೆ ಅಂತ ಆ ಮನೆಗೇ ಗೊತ್ತಿದೆ, ಅಲ್ವಾ? ಹಾಗಾಗಿ ಕೆಲಸ ಬದಲಾಯಿಸಿದ್ದನ್ನು ನಾನು ದೋಷ ಅನ್ನಲಿಲ್ಲ.

ಒಂದು ಹಾಳೆ ಕೊಟ್ಟು, ಪ್ರತಿ ಕೆಲಸದಲ್ಲೂ 'ಬಿಡಬೇಕು' ಅಂತ ಮೊದಲ ಸಲ ಅನ್ನಿಸಿದ ದಿನ ಏನಾಗಿತ್ತು ಬರೆಯಿರಿ ಎಂದೆ. ಮೊದಲ ಎರಡರಲ್ಲಿ ಸಂಬಳವೇ ಕಾರಣ, ಅದು ನ್ಯಾಯವೇ. ಉಳಿದ ಮೂರರಲ್ಲೂ ಒಂದೇ ಕಥೆ: ಕೈಯಲ್ಲಿ ಮಾಡುತ್ತಿದ್ದ ಟೆಸ್ಟಿಂಗ್ ಬಿಟ್ಟು ಆಟೊಮೇಷನ್ (ಕೋಡ್ ಬರೆದು ಪರೀಕ್ಷೆ ತಾನಾಗೇ ನಡೆಯುವಂತೆ ಮಾಡುವುದು) ಕಲಿಯಿರಿ ಎಂದು ಮ್ಯಾನೇಜರ್ ಹೇಳಿದ ವಾರವೇ ಇವರು ರೆಸ್ಯೂಮೆ ತಿದ್ದಲು ಕೂತಿದ್ದರು, ಕೋಡ್ ಬರೆಯಬೇಕಲ್ಲ ಎಂಬ ಅಂಜಿಕೆಗೆ. ಬರೆದದ್ದನ್ನು ತಾವೇ ಓದಿ ತುಂಬಾ ಹೊತ್ತು ಮಾತಾಡಲಿಲ್ಲ.

ನನಗೆ ಚಿಂತೆಯಾದದ್ದೂ ಇದೇ. ಒಂದೇ ಪರೀಕ್ಷೆಯನ್ನು ದಿನಾ ಕೈಯಲ್ಲಿ ಮಾಡುವ ಕೆಲಸವನ್ನು ಈಗ ಸಾಫ್ಟ್‌ವೇರೇ ಮಾಡುತ್ತದೆ. ಎಐ ಬಂದ ಮೇಲೆ ಇನ್ನೂ ಜಾಸ್ತಿ. ಇವರು ಓಡಿಹೋಗಿ ಸೇರುವಂಥ ಜಾಗಗಳೇ ಕಡಿಮೆಯಾಗುತ್ತಿವೆ.

ಹೇಳಿದ್ದು ಇಷ್ಟು. ಆಫರ್ ತಿರಸ್ಕರಿಸಬೇಕೆಂದಿಲ್ಲ, ಆದರೆ ಅಲ್ಲಿ ಯಾವ ಕೆಲಸ ಕೊಡುತ್ತಾರೆ ಎಂದು ಬಾಯಿಬಿಟ್ಟು ಕೇಳಿ. ಮತ್ತೆ ಅದೇ ಆದರೆ ಬೇಡ. ಈಗಿನ ಕಡೆಯೇ ಆರು ತಿಂಗಳು ಕೂತು ಕಲಿಯಿರಿ, ಕೋಡ್ ಬರೆಯಲು ಬರುವುದಿಲ್ಲ ಎಂದು ಮ್ಯಾನೇಜರ್‌ಗೆ ನೇರವಾಗಿ ಹೇಳಿ.

ಇನ್ನೊಂದು, ಪಿಎಫ್. ಮೂರು ಸಲ ಕೆಲಸ ಬಿಟ್ಟಾಗ ಪೂರ್ತಿ ತೆಗೆದಿದ್ದರು, ಒಮ್ಮೆ ಬೈಕಿಗೆ, ಒಮ್ಮೆ ತಂಗಿಯ ಮದುವೆಗೆ, ಮತ್ತೊಮ್ಮೆ ಎಲ್ಲಿ ಹೋಯಿತೋ ನೆನಪಿಲ್ಲ. ಸರ್ವಿಸ್ ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳಬಹುದು. ಪಿಂಚಣಿಗೆ ಬೇಕಾದ 10 ವರ್ಷದ ಲೆಕ್ಕವೂ ಕೈತಪ್ಪುತ್ತದೆ. ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಒಂದೇ ಇಟ್ಟುಕೊಂಡು ಹಳೆಯ ಖಾತೆಯನ್ನು ಹೊಸದಕ್ಕೆ ಟ್ರಾನ್ಸ್‌ಫರ್ ಮಾಡಿಸಿದರೆ ಹಿಂದಿನ ಸರ್ವಿಸ್ ಸೇರಿಕೊಳ್ಳುತ್ತದೆ. ಇಷ್ಟು ಬುದ್ಧಿವಂತ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ ಅನ್ನುವುದು ನನಗೆ ಬೇಜಾರು.

ಆಫರ್ ಬಿಟ್ಟರು. ನಾಲ್ಕು ತಿಂಗಳಾಗಿದೆ. ಕೋಡ್ ಬರೆಯುವಾಗ ಇನ್ನೂ ತಡವರಿಸುತ್ತಾರಂತೆ, ಆದರೆ ಮೀಟಿಂಗಿನಲ್ಲಿ "ಇದು ನನಗೆ ಗೊತ್ತಿಲ್ಲ, ತೋರಿಸಿಕೊಡಿ" ಎಂದು ಒಮ್ಮೆ ಕೇಳಿದರಂತೆ. ಅಪ್ಪನ ಜೊತೆ ಮಾತು ಇನ್ನೂ ಬಾಕಿ ಇದೆ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.