ಅದೇ ಹಿರಿಯರನ್ನು ಮತ್ತೆ ಮತ್ತೆ ಕೇಳುವುದೇಕೆ?

ಪ್ರಶ್ನೆ: ಅಪ್ಪನಿಗೆ 71. ಹಿರಿಯರ ಆರೋಗ್ಯ ಸಮೀಕ್ಷೆಯವರು ಕೆಲವು ವರ್ಷ ಬಿಟ್ಟು ಮತ್ತೆ ಬರುತ್ತಾರಂತೆ. ಬೇರೆಯವರನ್ನು ಕೇಳಬಾರದೇ? ಕೈಹಿಡಿತ ಅಳೆಯುವುದು ಯಾಕೆ?
— ಓದುಗರು, ಶಿರಸಿ

ಉತ್ತರ: ಬೇರೆಯವರನ್ನು ಕೇಳಿದರೆ ಇಡೀ ಕೆಲಸವೇ ವ್ಯರ್ಥ. ಇಂದಿನ 80ರವರು 60ರವರಿಗಿಂತ ದುರ್ಬಲರಾಗಿದ್ದರೆ ಅದು ವಯಸ್ಸಿನಿಂದಲೋ, ಬಾಲ್ಯದಲ್ಲಿ ಹೊಟ್ಟೆಗೆ ಸಾಲದ್ದರಿಂದಲೋ? ಒಬ್ಬರನ್ನೇ ವರ್ಷಗಟ್ಟಲೆ ಹಿಂಬಾಲಿಸಿದರೆ ಮಾತ್ರ ತಿಳಿಯುತ್ತದೆ. ದೇಶದ 'ಲಾಸಿ' (LASI, ಭಾರತದಲ್ಲಿ ವಯಸ್ಸಾಗುವಿಕೆಯ ದೀರ್ಘಾವಧಿ ಅಧ್ಯಯನ) ಇದೇ ಬಗೆಯದು. 2017–18ರ ಮೊದಲ ಸುತ್ತಿನಲ್ಲಿ 45 ದಾಟಿದವರು, ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರಿದ್ದರು.

ಕೈಹಿಡಿತ ಇಡೀ ದೇಹದ ಸ್ನಾಯುಬಲದ ಸುಳಿವು. ಮೊಣಕೈ ಮಡಿಸಿ, ಒಂದೊಂದು ಕೈಯಲ್ಲೂ ಎರಡು ಸಲ ಉಪಕರಣ ಹಿಂಡಿಸಿ, ಕಿಲೋ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಕೈಗೆ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಮೊದಲೇ ಹೇಳಿ.

ರಕ್ತದೊತ್ತಡದ ಅಳತೆ ಕೆಡುವುದೇ ಹೆಚ್ಚು. ತೋಟದ ದರೆ ಹತ್ತಿ ಬಂದ ಕೂಡಲೆ ಪಟ್ಟಿ ಕಟ್ಟಿಸಿಕೊಂಡರೆ ಅಂಕಿ ಏರಿಯೇ ಇರುತ್ತದೆ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಮಾತಾಡದೆ ಕೂರಲಿ. ಅರ್ಧ ಗಂಟೆ ಮುಂಚಿನಿಂದ ಚಹಾ, ತಂಬಾಕಿನ ಕವಳ ಬೇಡ. ಮೊದಲ ಅಳತೆ ಹೆಚ್ಚು ಬರುವುದು ಸಾಮಾನ್ಯ. ಮೂರು ಸಲ ನೋಡುವುದು ಅದಕ್ಕೇ.

ಹತ್ತು ಪದ ಕೇಳಿಸಿ ನೆನಪು ಪರೀಕ್ಷಿಸುವಾಗ ದಯವಿಟ್ಟು ಪಕ್ಕದಿಂದ ಹೇಳಿಕೊಡಬೇಡಿ! ಮರೆವಿನ ಆರಂಭ ಮುಚ್ಚಿಹೋಗುತ್ತದೆ. ಪರೀಕ್ಷೆಗೆಂದು ಬೆರಳು ಚುಚ್ಚಿ ರಕ್ತದ ಹನಿ ತೆಗೆಯುವುದು ಬೇಡವೆನಿಸಿದರೆ ಅದೊಂದನ್ನು ನಿರಾಕರಿಸಿ, ಉಳಿದದ್ದಕ್ಕೆ ಉತ್ತರಿಸಬಹುದು.

ಅಪ್ಪ ಮಕ್ಕಳ ಜೊತೆ ಬೆಂಗಳೂರಿಗೆ ಹೋದರೆ ಹೊಸ ವಿಳಾಸ ತಿಳಿಸಿ. ಕಾಯಿಲೆಯವರೂ ಊರು ಬಿಟ್ಟವರೂ ಪಟ್ಟಿಯಿಂದ ಜಾರಿದರೆ, ಉಳಿದವರ ಲೆಕ್ಕದಲ್ಲಿ ಜಿಲ್ಲೆಯ ವೃದ್ಧರೆಲ್ಲ ಗಟ್ಟಿಮುಟ್ಟಾಗಿ ಕಾಣುತ್ತಾರೆ.